ಮೇಜು, ನಾಗಂದಿಗೆ, ಅಟ್ಟ: ಹಳೆಯ ಲ್ಯಾಪ್‌ಟಾಪುಗಳಿಂದ ನಾವು ಕಲಿತದ್ದು

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ಶಾಲೆಯ ಇತಿಹಾಸವನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕರ್ತವ್ಯವನ್ನು ನಮಗಿಂತ ಹೆಚ್ಚು ಅಧಿಕಾರವುಳ್ಳ ಹಿರಿಯರು ಬೆಳಗಿನ ಗೋಷ್ಠಿಯಲ್ಲಿ ನೆರವೇರಿಸಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಕಂಪ್ಯೂಟರ್ ಕೊಠಡಿಯ ಒಂದು ಸಣ್ಣ ಸಂಗತಿ. ಹಳೆಯ ಲ್ಯಾಪ್‌ಟಾಪುಗಳಿಗೆ ಮೆಮೊರಿ ಕಾರ್ಡು ಹಾಕಿ ಅವುಗಳ ನೆನಪಿನ ಶಕ್ತಿಯನ್ನು ಹಿಗ್ಗಿಸಲು ನಾವು ಹೊರಟೆವು. ಅದರಲ್ಲಿ ಸ್ವಲ್ಪ ಗೆದ್ದೆವು, ಬಹಳ ಕಲಿತೆವು, ಒಂದು ವಿಷಯದಲ್ಲಿ ಮಾತ್ರ ತುಂಬಲಾಗದ ನಷ್ಟವನ್ನು ಅನುಭವಿಸಿದೆವು. ಆ ನಷ್ಟದ ಮಾತನ್ನು ಈ ಸಭೆಯ ಮುಂದೆ ಹೇಳದೆ ಇರುವುದು ಪ್ರಾಮಾಣಿಕತೆಯಾಗದು.

ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ, 1956ರ ನವೆಂಬರ್ 1ರಂದು ನಿಂತ ನೆಲದಲ್ಲೇ ಕೇರಳದ್ದಾದ ಕಾಸರಗೋಡು ಸೀಮೆಯ ಶಾಲೆ ನಮ್ಮದು. ಇದ್ದುದನ್ನು ಜೋಪಾನ ಮಾಡಿಕೊಂಡು ನಡೆಯುವುದು ನಮಗೆ ಹೊಸತಲ್ಲ. ಬೆಂಗಳೂರು, ಮಂಗಳೂರು ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಗಳು ತಾವು ಬಳಸಿ ಬಿಟ್ಟ ಹನ್ನೊಂದು ಲ್ಯಾಪ್‌ಟಾಪುಗಳನ್ನು ಶಾಲೆಗೆ ಕೊಟ್ಟಾಗ ನಾವು ಅವನ್ನು ಸಂತೋಷದಿಂದ ಸ್ವೀಕರಿಸಿದೆವು. ಹೆಚ್ಚಿನವುಗಳಲ್ಲಿ 1 ಜಿಬಿ ರ್ಯಾಮ್ ಮಾತ್ರ ಇತ್ತು. ಒಂದು ಪಾಠದ ಪುಟ ತೆರೆಯುವಷ್ಟರಲ್ಲಿ ತರಗತಿಯ ಕಾಲು ಭಾಗ ಕಳೆದುಹೋಗುತ್ತಿತ್ತು.

ಆಗ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಟೀಚರೇ, ಮೊಬೈಲಿಗೆ ಮೆಮೊರಿ ಕಾರ್ಡು ಹಾಕುತ್ತೇವಲ್ಲ, ಹಾಗೆಯೇ ಇದಕ್ಕೂ ಒಂದು ಹಾಕಿದರೆ ಸಾಲದೇ?" ಎಂದು ಕೇಳಿದರು. ಪ್ರಶ್ನೆ ಬಹಳ ಸಹಜವಾದುದು. ರ್ಯಾಮನ್ನೂ ಮೆಮೊರಿ ಎನ್ನುತ್ತೇವೆ, ಕಾರ್ಡನ್ನೂ ಮೆಮೊರಿ ಎನ್ನುತ್ತೇವೆ. ಹೆಸರು ಒಂದೇ ಆದುದರಿಂದ ಕೆಲಸವೂ ಒಂದೇ ಎಂದು ತಿಳಿಯುತ್ತೇವೆ. ನಾವೂ ಹಾಗೆಯೇ ತಿಳಿದಿದ್ದೆವು.

ಮಕ್ಕಳಿಗೆ ಈ ವ್ಯತ್ಯಾಸವನ್ನು ತಿಳಿಸುವಾಗ ನಾವು ಅಧ್ಯಾಪಕರ ಕೊಠಡಿಯನ್ನೇ ಉದಾಹರಣೆಯಾಗಿ ಕೊಡುತ್ತೇವೆ. ತಿದ್ದುತ್ತಿರುವ ಪುಸ್ತಕ ಇರುವುದು ಮೇಜಿನ ಮೇಲೆ. ಅದು ರ್ಯಾಮ್. ಸಂಜೆ ಮೇಜು ಖಾಲಿಯಾಗುವಂತೆ, ವಿದ್ಯುತ್ತು ಹೋದೊಡನೆ ರ್ಯಾಮೂ ಬರಿದಾಗುತ್ತದೆ. ಹಳೆಯ ದಫ್ತರಗಳೆಲ್ಲ ಇರುವುದು ಅಟ್ಟದ ಮೇಲೆ. ಅದು ಹಾರ್ಡ್ ಡಿಸ್ಕ್. ಅಲ್ಲಿ ಸ್ಥಳ ಬಹಳ, ಆದರೆ ಪ್ರತಿಸಲ ಏಣಿ ಹತ್ತಬೇಕು. ಮೆಮೊರಿ ಕಾರ್ಡು ಗೋಡೆಯ ನಾಗಂದಿಗೆಯಂತೆ. ಕೈ ಚಾಚಿದರೆ ಸಿಗುತ್ತದೆ. ಆದರೆ ನಾಗಂದಿಗೆಯ ಮೇಲೆ ಪುಸ್ತಕವನ್ನಿಟ್ಟು ತಿದ್ದಲು ಬರುವುದಿಲ್ಲ.

ಅಂಕಿಗಳಲ್ಲಿ ಹೇಳುವುದಾದರೆ, ರ್ಯಾಮಿನಿಂದ ಒಂದು ಚೂರು ಮಾಹಿತಿಯನ್ನು ಪಡೆಯಲು ಸುಮಾರಾಗಿ ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಮುಳ್ಳು ಸರಿದು, ತಟ್ಟೆ ತಿರುಗಿ, ಮಾಹಿತಿ ಸಿಗಲು ಸೆಕೆಂಡಿನ ನೂರರಲ್ಲೊಂದು ಭಾಗ ಅಥವಾ ತುಸು ಹೆಚ್ಚು ಬೇಕು. ಸಾಮಾನ್ಯ ಕಾರ್ಡಿಗೆ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕೂ ಕಡಿಮೆ ಸಾಕು. ಅಂದರೆ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಮಾಹಿತಿಯನ್ನು ಓದುವುದರಲ್ಲಿ ಕಾರ್ಡು ಡಿಸ್ಕಿಗಿಂತ ಹತ್ತು ಪಟ್ಟು ಚುರುಕು, ರ್ಯಾಮಿಗಿಂತ ಸಾವಿರಾರು ಪಟ್ಟು ನಿಧಾನ. ಒಂದೇ ದೊಡ್ಡ ಕಡತವನ್ನು ಸರಾಗವಾಗಿ ಓದುವಲ್ಲಿ ಹಳೆಯ ಡಿಸ್ಕೇ ಎಷ್ಟೋ ವೇಳೆ ಮುಂದೆ. ಕಾರ್ಡಿನ ಮೇಲೆ 'ಕ್ಲಾಸ್ 10' ಎಂದಿದ್ದರೆ, ಸೆಕೆಂಡಿಗೆ ಕನಿಷ್ಠ 10 ಎಂಬಿ ವೇಗದಲ್ಲಿ ಸತತವಾಗಿ ಬರೆಯಬಲ್ಲದು ಎಂದಷ್ಟೇ ಅರ್ಥ.

ಈ ಮರ್ಮವನ್ನು ಅರಿತೇ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ವಿಸ್ಟಾದಲ್ಲಿ ರೆಡಿಬೂಸ್ಟ್ ಎಂಬ ಸೌಲಭ್ಯವನ್ನು ಅಳವಡಿಸಿತು. ಪದೇ ಪದೇ ಬೇಕಾಗುವ ಸಣ್ಣ ತುಣುಕುಗಳ ಪ್ರತಿಯನ್ನು ಅದು ಕಾರ್ಡಿನಲ್ಲಿಯೋ ಪೆನ್ ಡ್ರೈವಿನಲ್ಲಿಯೋ ಇರಿಸಿಕೊಳ್ಳುತ್ತದೆ, ದೊಡ್ಡ ಓದಿಗೆ ಡಿಸ್ಕನ್ನೇ ಆಶ್ರಯಿಸುತ್ತದೆ. ಮೂಲ ಯಾವಾಗಲೂ ಡಿಸ್ಕಿನಲ್ಲೇ ಇರುತ್ತದೆ. ಆದಕಾರಣ ಕಾರ್ಡನ್ನು ನಡುವೆ ಕಿತ್ತರೂ ಏನೂ ಕಳೆದುಹೋಗದು. ಪ್ರತಿಯನ್ನು ಗೂಢಲಿಪಿಯಲ್ಲಿ ಬರೆಯುವುದರಿಂದ ಅನ್ಯರು ಅದನ್ನು ಓದಲಾರರು. ವಿಸ್ಟಾ ಇದ್ದ ನಮ್ಮ ಮೂರು ಲ್ಯಾಪ್‌ಟಾಪುಗಳಲ್ಲಿ ಇದನ್ನು ಬಳಸಿದಾಗ ತಡವರಿಕೆ ಒಂದಿಷ್ಟು ಕಡಿಮೆಯಾದುದು ನಿಜ. ಮೇಜು ದೊಡ್ಡದಾಗಲಿಲ್ಲ, ಏಣಿ ಹತ್ತುವ ಸಲ ಕಡಿಮೆಯಾಯಿತು, ಅಷ್ಟೇ.

ಉಳಿದ ಯಂತ್ರಗಳಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಚಿರಪರಿಚಿತವಾದ ಲಿನಕ್ಸ್ ಇತ್ತು. ಅಲ್ಲಿ ರ್ಯಾಮ್ ತುಂಬಿದಾಗ ಹೆಚ್ಚಾದುದನ್ನು ಬೇರೆಡೆಗೆ ಸಾಗಿಸುವ ಸ್ವಾಪ್ ಎಂಬ ಜಾಗವಿರುತ್ತದೆ. ಆ ಜಾಗವನ್ನು ನಾವು ಕಾರ್ಡಿನಲ್ಲಿ ಕಲ್ಪಿಸಿದೆವು. ಎಡವಿದ್ದು ಇಲ್ಲಿಯೇ. ಸ್ವಾಪಿನಲ್ಲಿ ಇರುವುದು ಪ್ರತಿಯಲ್ಲ, ಮೂಲ. ಕಾರ್ಡು ಅಲುಗಿದರೂ ಯಂತ್ರ ಸ್ತಬ್ಧವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಓದಿದಷ್ಟೇ ಬರೆಯುವ ಕೆಲಸವೂ ನಡೆಯುತ್ತಿರುತ್ತದೆ.

ಬರೆಯುವುದು ಕಾರ್ಡಿಗೆ ಏಕೆ ಭಾರ? 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಒಕ ಅವರು ರೂಪಿಸಿದ ಈ ಫ್ಲ್ಯಾಶ್ ಸ್ಮೃತಿಯ ಗುಣವೇ ಅಂಥದು. ಬರೆದುದರ ಮೇಲೆಯೇ ಮತ್ತೆ ಬರೆಯಲು ಅದರಲ್ಲಿ ಬರುವುದಿಲ್ಲ. ಸ್ಲೇಟಿನಲ್ಲಿ ಒಂದಕ್ಷರವನ್ನು ತಿದ್ದಲು ಇಡೀ ಸ್ಲೇಟನ್ನು ಒರೆಸಿ, ಉಳಿದುದನ್ನೂ ಹೊಸತಾಗಿ ಬರೆದಂತೆ, ಒಂದು ಇಡೀ ಭಾಗವನ್ನೇ ಅಳಿಸಬೇಕು. ಪ್ರತಿಸಲ ಅಳಿಸುವಾಗಲೂ ಒಳಗಿನ ಸೂಕ್ಷ್ಮವಾದ ನಿರೋಧಕ ಪದರ ಒಂದಿಷ್ಟು ಸವೆಯುತ್ತದೆ. ಆ ಸವೆತಕ್ಕೆ ಮಿತಿಯುಂಟು. ಅಗ್ಗದ ಕಾರ್ಡುಗಳಲ್ಲಿ ಆ ಮಿತಿ ಬೇಗ ಬರುತ್ತದೆ, ಬರುವ ಮೊದಲು ಯಾವ ಮುನ್ಸೂಚನೆಯನ್ನೂ ಕೊಡದು.

ಕಾರ್ಡು ನಿಜವಾಗಿ ಉಪಕರಿಸಿದ ಸಂದರ್ಭವನ್ನೂ ಹೇಳಲೇಬೇಕು. 2020ರ ಜೂನ್ 1ರಂದು ನಮ್ಮ ರಾಜ್ಯದಲ್ಲಿ ಶಾಲೆಯ ಬಾಗಿಲು ತೆರೆಯದೆ, ಫಸ್ಟ್ ಬೆಲ್ ಎಂಬ ಹೆಸರಿನಲ್ಲಿ ಪಾಠಗಳು ವಿಕ್ಟರ್ಸ್ ವಾಹಿನಿಯಿಂದ ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳೂ ಅಂತರ್ಜಾಲದಲ್ಲಿ ದೊರೆತವು. ಆದರೆ ಗುಡ್ಡದಾಚೆಯ ಮನೆಗಳಿಗೆ ಸಿಗ್ನಲ್ ಎಲ್ಲಿಯದು? ನಾವು ವಾರದ ಪಾಠಗಳನ್ನು ಕಾರ್ಡುಗಳಲ್ಲಿ ತುಂಬಿ, ಹಳೆಯ ಲ್ಯಾಪ್‌ಟಾಪುಗಳೊಂದಿಗೆ ಆ ಮಕ್ಕಳ ಮನೆಗೆ ಕಳುಹಿಸಿದೆವು. ಒಮ್ಮೆ ಬರೆದು ಹಲವು ಸಲ ಓದುವ ಕೆಲಸ ಅದು. ಕಾರ್ಡು ಹುಟ್ಟಿದ್ದೇ ಅದಕ್ಕಾಗಿ. ಆ ಕಾರ್ಡುಗಳಲ್ಲಿ ಹೆಚ್ಚಿನವು ಇಂದಿಗೂ ಚೆನ್ನಾಗಿವೆ.

ಇನ್ನು ನಷ್ಟದ ಮಾತು. ಈ ಸಂಪುಟಕ್ಕಾಗಿ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಲು ನಾವು ಮಕ್ಕಳನ್ನು ಕಳುಹಿಸಿದ್ದೆವು. ಮೂವತ್ತೆರಡು ವರ್ಷ ಇಲ್ಲಿ ಪಾಠ ಹೇಳಿದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಎರಡು ಗಂಟೆ ಮಾತನಾಡಿದರು. ಮಣ್ಣಿನ ಗೋಡೆಯ ಶಾಲೆ, ಗಡಿ ಬದಲಾದ ವರ್ಷದ ಆತಂಕ, ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಮರಾಟಿಯನ್ನೋ ಆಡುತ್ತಿದ್ದ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದ ಅಕ್ಷರ ತಿದ್ದಿದ್ದು, ಎಲ್ಲವನ್ನೂ ಹೇಳಿದರು. ನಡುವೆ ತಾವು ಕಲಿಸುತ್ತಿದ್ದ ಮಗ್ಗಿಯನ್ನು ರಾಗವಾಗಿ ಹೇಳಿ ತಾವೇ ನಕ್ಕರಂತೆ.

ಆ ಮುದ್ರಿಕೆಯನ್ನು ನಾವು ಒಂದು ಲ್ಯಾಪ್‌ಟಾಪಿನ ಕಾರ್ಡಿನಲ್ಲಿ ಉಳಿಸಿದೆವು. ಅದೇ ಕಾರ್ಡಿನಲ್ಲಿ ಸ್ವಾಪ್ ಕೂಡ ಇತ್ತು. ಮೊಬೈಲಿನಲ್ಲಿ ಜಾಗ ಸಾಲದೆಂದು ಮಕ್ಕಳು ಅಲ್ಲಿದ್ದ ಮೂಲವನ್ನು ಅಳಿಸಿದರು, ಅಳಿಸಬಹುದೆಂದು ಹೇಳಿದವರೂ ನಾವೇ. ಮಳೆಗಾಲ ಮುಗಿಯುವ ಮೊದಲೇ ಆ ಕಾರ್ಡು ನಿಂತುಹೋಯಿತು. ಮಂಗಳೂರಿಗೆ ಒಯ್ದು ತೋರಿಸಿದೆವು, ಫಲ ದೊರೆಯಲಿಲ್ಲ. ಮತ್ತೊಮ್ಮೆ ಹೋಗಿ ಕೇಳೋಣವೆಂದರೆ, ಆ ಹಿರಿಯರು ಆಟಿ ತಿಂಗಳಲ್ಲಿಯೇ ತೀರಿಕೊಂಡಿದ್ದರು. ಅವರ ಮಗಳು ಶಾಲೆಗೆ ಬಂದು, "ಅಪ್ಪನ ಸ್ವರ ಒಮ್ಮೆ ಕೇಳಬಹುದಾ, ಟೀಚರೇ?" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ಕಾರ್ಡಿನದಲ್ಲ, ಮಕ್ಕಳದೂ ಅಲ್ಲ. ನಾಗಂದಿಗೆಯನ್ನು ಖಜಾನೆಯೆಂದು ಬಗೆದ ನಮ್ಮದು.

ಉಳಿದುದು ಜೊತೆಯಲ್ಲಿ ಹೋಗಿದ್ದ ಒಬ್ಬ ಒಂಬತ್ತನೆಯ ತರಗತಿಯ ಹುಡುಗಿ ನೋಟು ಪುಸ್ತಕದಲ್ಲಿ ಬರೆದುಕೊಂಡ ನಾಲ್ಕು ಪುಟಗಳು. ಅವು ಈ ಸಂಪುಟದಲ್ಲಿ ಅಚ್ಚಾಗಿವೆ. ಹಾಗೆಂದು ಕಾಗದವೇ ಶಾಶ್ವತವೆಂದು ನಾವು ಹೇಳುವುದಿಲ್ಲ. ನಮ್ಮ ಮೊದಲ ದಾಖಲಾತಿ ಪುಸ್ತಕದ ಅರ್ಧದಷ್ಟನ್ನು ಒರಲೆ ತಿಂದಿರುವುದನ್ನು ನೀವು ಇಂದು ಪ್ರದರ್ಶನದಲ್ಲಿ ಕಂಡಿದ್ದೀರಿ. ಒಂದೇ ಕಡೆ ಇರುವುದು ಕಾಗದವಾದರೇನು, ಕಾರ್ಡಾದರೇನು, ಎರಡೂ ಅರ್ಧ ಕಳೆದುಹೋದಂತೆಯೇ.

ಈ ಅನುಭವದಿಂದ ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪು ಇರುವವರಿಗೂ ಅವು ಉಪಯುಕ್ತವಾದಾವು.

ಯಂತ್ರ ನಿಧಾನವಾದರೆ ಮೊದಲು ರ್ಯಾಮನ್ನೇ ಹೆಚ್ಚಿಸಬೇಕು. ಕೆಟ್ಟುನಿಂತ ಎರಡು ಲ್ಯಾಪ್‌ಟಾಪುಗಳ ರ್ಯಾಮನ್ನು ತೆಗೆದು, ಅದೇ ಬಗೆಯ ರ್ಯಾಮ್ ಹಿಡಿಸುವ ಇನ್ನೆರಡಕ್ಕೆ ಹಾಕಿದೆವು. ಯಾವ ಕಾರ್ಡೂ ಕೊಡದ ವೇಗ ಅದರಿಂದ ಬಂತು. ಹಣವಿದ್ದಾಗ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸುವುದು ಎರಡನೆಯ ಹೆಜ್ಜೆ. ಎಸ್‌ಎಸ್‌ಡಿ ಬಂದ ಮೇಲೆ ರೆಡಿಬೂಸ್ಟಿನ ಅಗತ್ಯವೇ ಉಳಿಯದು.

ಕಾರ್ಡನ್ನು ಕೊಳ್ಳುವ ಮೊದಲು ಯಂತ್ರದ ವಯಸ್ಸನ್ನು ನೋಡಬೇಕು. 2 ಜಿಬಿಗಿಂತ ದೊಡ್ಡದಾದ ಎಸ್‌ಡಿಎಚ್‌ಸಿ ಕಾರ್ಡುಗಳ ಮಾನಕ ಬಂದುದು 2006ರಲ್ಲಿ. ಅದಕ್ಕಿಂತ ಹಳೆಯ ಯಂತ್ರಗಳ ಕಿಂಡಿಗೆ ಅವನ್ನು ತುರುಕಿ ಪ್ರಯೋಜನವಿಲ್ಲ. ಕೊಂಡ ಮೇಲೆ ಅದರ ನಿಜವಾದ ಗಾತ್ರವನ್ನು ಪರೀಕ್ಷಿಸಬೇಕು. ಮೇಲೆ 64 ಎಂದು ಅಚ್ಚಾಗಿ ಒಳಗೆ 8 ಜಿಬಿ ಮಾತ್ರ ಇದ್ದ ಕಾರ್ಡು ನಮ್ಮ ಕೈಗೂ ಬಂದಿತ್ತು. ಲಿನಕ್ಸಿನಲ್ಲಿ ಎಫ್‌3 ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿ, ಮರಳಿ ಓದಿ, ಸತ್ಯವನ್ನು ಹೇಳುತ್ತದೆ.

ದುಡಿಯುವ ಕಾರ್ಡು ಬೇರೆ, ಕಾಯುವ ಕಾರ್ಡು ಬೇರೆ. ರೆಡಿಬೂಸ್ಟಿಗೋ ಸ್ವಾಪಿಗೋ ಇಟ್ಟ ಕಾರ್ಡಿನ ಮೇಲೆ ನಾವು ಈಗ ಕೆಂಪು ಚುಕ್ಕೆ ಹಾಕುತ್ತೇವೆ. ಅದರಲ್ಲಿ ಕಡತ ಉಳಿಸುವಂತಿಲ್ಲ. ಕಾಯುವ ಕಾರ್ಡನ್ನೂ ವರ್ಷಾನುಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಮರೆಯುವಂತಿಲ್ಲ. ಅದು ಬರಹವನ್ನು ಹಿಡಿದಿಟ್ಟಿರುವುದು ವಿದ್ಯುದಾವೇಶದ ರೂಪದಲ್ಲಿ. ಆ ಆವೇಶ ಕಾಲಕ್ರಮೇಣ ಸೋರಿಹೋಗಬಲ್ಲದು.

ಕೊನೆಯದಾಗಿ, ಶಾಲೆಯ ನೆನಪಿಗೆ ಸೇರಿದ ಯಾವುದೇ ಚಿತ್ರ, ಧ್ವನಿ, ದಾಖಲೆ ಮೂರು ಕಡೆ ಇರಬೇಕು: ಕಚೇರಿಯ ಯಂತ್ರದಲ್ಲಿ ಒಂದು, ಬೇರೆಯೇ ಆದ ಒಂದು ಡಿಸ್ಕಿನಲ್ಲಿ ಇನ್ನೊಂದು, ಶಾಲೆಯ ಆವರಣದ ಹೊರಗೆ ಮತ್ತೊಂದು. ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರ ಮಕ್ಕಳು ಮೂರನ್ನೂ ತೆರೆದು ಓದಿ ನೋಡುತ್ತಾರೆ. ಹಾಜರಿ ಕರೆದ ಹಾಗೆ.

ಹಿರಿಯರೇ, ಹಳೆ ವಿದ್ಯಾರ್ಥಿಗಳೇ, ನಮ್ಮದೊಂದು ವಿನಂತಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಈ ಶಾಲೆಯ ಒಂದು ತರಗತಿಯ ಚಿತ್ರವೋ, ಒಂದು ಹಳೆಯ ಕ್ಯಾಸೆಟ್ಟೋ ಇರಬಹುದು. ಅಗಲಿದ ಆ ಅಧ್ಯಾಪಕರು ಯಾವುದಾದರೂ ವಾರ್ಷಿಕೋತ್ಸವದಲ್ಲಿ ಆಡಿದ ನಾಲ್ಕು ಮಾತು ಅದರಲ್ಲಿ ಉಳಿದಿದ್ದೀತು. ದಯವಿಟ್ಟು ತನ್ನಿ. ನಿಮ್ಮೆದುರಿಗೇ ಪ್ರತಿ ಮಾಡಿ, ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ. ಆ ಮಗಳಿಗೆ ನಾವು ಒಂದು ಸ್ವರವನ್ನು ಸಲ್ಲಿಸಬೇಕಾಗಿದೆ.