ಟ್ಯಾಂಕಿನ ಮೇಲಿನ ಮೂರು ವೈರುಗಳು



ಕಳೆದ ಮಳೆಗಾಲದಲ್ಲಿ ಥಾಣೆಯ ಸ್ನೇಹಿತರೊಬ್ಬರು ಫೋನ್ ಮಾಡಿ, "ಕಾರಿನ ಚೆಕ್ ಎಂಜಿನ್ ದೀಪ ಆರುವುದೇ ಇಲ್ಲ ಮಾರಾಯ್ರೆ, ಎರಡು ಸಲ ಸೆನ್ಸರ್ ಬದಲಾಯಿಸಿ ಆಯಿತು" ಎಂದು ಗೋಳು ಹೇಳಿಕೊಂಡರು. ಕಾರು ಓಡುವುದರಲ್ಲಿ ತೊಂದರೆಯಿಲ್ಲ, ಮೈಲೇಜೂ ಸರಿ. ಆದರೂ ದೀಪ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿದಾಗ ಬಂದ ಸಂಖ್ಯೆ ಪಿ 0453. ಮೂರನೆಯ ಸೆನ್ಸರ್ ತರಿಸೋಣವೇ ಎಂದು ಅವರು ಕೇಳುತ್ತಿದ್ದರಂತೆ.

ಈ ಸೆನ್ಸರ್ ಯಾತಕ್ಕೆ ಎಂದು ಮೊದಲು ಹೇಳುತ್ತೇನೆ. ಪೆಟ್ರೋಲ್ ಸುಮ್ಮನೆ ನಿಂತರೂ ಆವಿಯಾಗುತ್ತದೆ. ಆ ಆವಿ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಒಂದು ಡಬ್ಬಿಯಲ್ಲಿ ಹಿಡಿದಿಟ್ಟು, ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಉರಿಸುವ ಏರ್ಪಾಡು ಕಾರಿನಲ್ಲಿದೆ. ಈ ಏರ್ಪಾಡಿನಲ್ಲಿ ಎಲ್ಲಾದರೂ ಸೋರಿಕೆ ಇದೆಯೇ ಎಂದು ತಿಳಿಯಲು ಟ್ಯಾಂಕಿನೊಳಗಿನ ಒತ್ತಡ ಅಳೆಯಬೇಕು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಓಬಿಡಿ-2 ಕಡ್ಡಾಯವಾದ ಮೇಲೆ ಅಲ್ಲಿನ ಕಾರುಗಳಲ್ಲಿ ಇದು ಸಾಮಾನ್ಯ. ನಮ್ಮ ದೇಶದ ಎಲ್ಲ ಕಾರುಗಳಲ್ಲೂ ಇಲ್ಲ. ನಿಮ್ಮ ಕಾರಿನಲ್ಲಿ ಇಲ್ಲದಿದ್ದರೂ ಕೇಳಿ. ಎಂಜಿನ್ನಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಸಹ ಇದೇ ಜಾತಿಯದು, ಪರೀಕ್ಷೆಯ ಕ್ರಮವೂ ಇದೇ.

ಪಿ 0453 ಎಂದರೆ ಸೆನ್ಸರ್ ಕಡೆಯಿಂದ ಬರುವ ವೋಲ್ಟೇಜ್ ವಿಪರೀತ ಹೆಚ್ಚು ಎಂದಷ್ಟೇ ಅರ್ಥ. ಸೆನ್ಸರ್ ಕೆಟ್ಟಿದೆ ಎಂದು ಆ ಸಂಖ್ಯೆ ಎಲ್ಲೂ ಹೇಳುವುದಿಲ್ಲ. ಜ್ವರ ಇದೆ ಎಂದು ಹೇಳಿದ ಹಾಗೆ ಅದು. ಕಾರಣ ಹುಡುಕುವುದು ನಮ್ಮ ಕೆಲಸ.

ಸೆನ್ಸರ್‌ಗೆ ಮೂರು ವೈರು. ಒಂದರಲ್ಲಿ ಕಾರಿನ ಕಂಪ್ಯೂಟರ್ 5 ವೋಲ್ಟ್ ಕಳಿಸುತ್ತದೆ. ಇನ್ನೊಂದು ಅರ್ತ್. ಮೂರನೆಯದು ಒತ್ತಡಕ್ಕೆ ತಕ್ಕಂತೆ ಏರಿಳಿಯುವ ಸಿಗ್ನಲ್ ಹೊತ್ತು ಕಂಪ್ಯೂಟರ್‌ಗೆ ಮರಳುತ್ತದೆ. 5 ವೋಲ್ಟಿನ ವೈರು ತುಂಡಾದರೆ, ಅಥವಾ ಸಿಗ್ನಲ್ ವೈರು ಬಾಡಿಗೆ ತಾಗಿದರೆ ಸಿಗ್ನಲ್ ಸೊನ್ನೆಯ ಹತ್ತಿರ ಬೀಳುತ್ತದೆ. ಆಗ ಬರುವುದು ಪಿ 0452. ಅರ್ತ್ ತುಂಡಾದರೆ ಸಿಗ್ನಲ್ 5 ವೋಲ್ಟಿನ ಹತ್ತಿರ ಹೋಗಿ ಕೂರುತ್ತದೆ. ಆಗ ಪಿ 0453. ಎಂದ ಮೇಲೆ ಥಾಣೆಯ ಕಾರಿನಲ್ಲಿ ಮೊದಲ ಅನುಮಾನ ಯಾವ ವೈರಿನ ಮೇಲೆ ಬರಬೇಕಿತ್ತು?

ನಾವು ಮೊದಲು ಪೆಟ್ರೋಲ್ ಮುಚ್ಚಳ ತೆಗೆದೆವು. ಮುಚ್ಚಳ ತೆಗೆದರೆ ಟ್ಯಾಂಕಿನ ಒಳಗೂ ಹೊರಗೂ ಒಂದೇ ಒತ್ತಡ. ಆಗ ಸ್ಕ್ಯಾನರ್‌ನಲ್ಲಿ ಕೆಲವು ಕಾರುಗಳಿಗೆ ಒಂದೂವರೆ, ಕೆಲವಕ್ಕೆ ಎರಡೂವರೆ ವೋಲ್ಟಿನ ಆಸುಪಾಸು ಕಾಣಬೇಕು. ಸರಿಯಾದ ಅಂಕಿ ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಇಲ್ಲಿ ಸುಮಾರು 5ರಲ್ಲೇ ನಿಂತಿತ್ತು. ಟ್ಯಾಂಕಿನೊಳಗೆ ಅಂಥ ಒತ್ತಡ ಇರಲು ಸಾಧ್ಯವೇ ಇಲ್ಲ, ಮುಚ್ಚಳವೇ ತೆರೆದಿದೆಯಲ್ಲ!

ಮುಂದೆ ಸೆನ್ಸರ್‌ನ ಕನೆಕ್ಟರ್ ಬಿಡಿಸಿ, ಎಂಜಿನ್ ಹಚ್ಚದೆ ಕೀ ಮಾತ್ರ ಆನ್ ಮಾಡಿ, ಮಲ್ಟಿಮೀಟರ್ ಹಿಡಿದೆವು. ಗ್ಯಾರೇಜಿನ ಹುಡುಗ ಮೊದಲೇ ನೋಡಿದ್ದನಂತೆ. "ಸರ್, ಐದು ವೋಲ್ಟ್ ಬರ್ತಿದೆ, ವೈರಿಂಗ್ ಓಕೆ" ಅಂದ. ಹೇಗೆ ನೋಡಿದೆ ಅಂದರೆ, ಮೀಟರಿನ ಕೆಂಪು ಕಡ್ಡಿ 5 ವೋಲ್ಟಿನ ಪಿನ್ನಿಗೆ, ಕಪ್ಪು ಕಡ್ಡಿ ಕಾರಿನ ಬಾಡಿಗೆ. ಎಡವಟ್ಟಾದದ್ದು ಇಲ್ಲೇ. ಸೆನ್ಸರ್ ತನ್ನ ಅರ್ತನ್ನು ಬಾಡಿಯಿಂದ ಪಡೆಯುವುದಿಲ್ಲ, ತನ್ನದೇ ವೈರಿನಿಂದ ಪಡೆಯುತ್ತದೆ. ಹುಡುಗ ಆ ವೈರನ್ನು ಮುಟ್ಟಿಯೇ ಇರಲಿಲ್ಲ. ಕಪ್ಪು ಕಡ್ಡಿಯನ್ನು ಕನೆಕ್ಟರ್‌ನ ಅರ್ತ್ ಪಿನ್ನಿಗೇ ಹಿಡಿಸಿದಾಗ ಮೀಟರ್ 5 ತೋರಿಸಲಿಲ್ಲ. ಸೊನ್ನೆ! ಹೊಸ ಸೆನ್ಸರ್ ಎಷ್ಟು ತಂದು ಹಾಕಿದರೂ ದೀಪ ಆರುವ ಸಂಭವ ಇರಲಿಲ್ಲ.

ಬ್ಯಾಟರಿ ಕಳಚಿ ವೈರಿನ ಜಾಡು ಹಿಡಿದು ಹೋದರೆ, ಟ್ಯಾಂಕಿಗೂ ನೆಲದ ತಗಡಿಗೂ ನಡುವೆ ಇಲಿ ಕಡಿದ ಗುರುತು. ಮೂರರಲ್ಲಿ ಒಂದು ವೈರು ಪೂರಾ ತುಂಡು. ಮಳೆಗಾಲದಲ್ಲಿ ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುವವರಿಗೆ ಈ ಅತಿಥಿಯ ಪರಿಚಯ ಮಾಡಿಕೊಡಬೇಕಿಲ್ಲ.

ಮನೆಯಲ್ಲೇ ಮೀಟರ್ ಹಿಡಿಯುವ ಉತ್ಸಾಹಿಗಳಿಗೆ ಎರಡು ಮಾತು. 5 ವೋಲ್ಟಿನ ವೈರಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ತಾಗಿಸಬೇಡಿ. ಬಲ್ಬು ಎಳೆಯುವ ಕರೆಂಟಿಗೆ ಕಂಪ್ಯೂಟರ್ ಹಾಳಾದೀತು. ಟ್ಯಾಂಕಿನ ಬಳಿ ಸೋಲ್ಡರಿಂಗ್ ಕಡ್ಡಿಯಂತೂ ಬೇಡವೇ ಬೇಡ. ಆವಿಗೆ ಕಿಡಿ ಬೇಕೆಂದಿಲ್ಲ, ಕಾವೂ ಸಾಕಾಗಬಹುದು. ನಾವು ನೀರು ಹೋಗದಂಥ ಒತ್ತು ಜಾಯಿಂಟ್ ಹಾಕಿಸಿ, ಮೇಲೆ ಟೇಪ್ ಸುತ್ತಿಸಿದೆವು.

ಮೂರೂ ವೈರು ಸರಿಯಿದ್ದು ದೀಪ ಆಗಾಗ ಮಾತ್ರ ಬರುವ ಕಾರುಗಳೂ ಇವೆ. ಅಂಥದ್ದರಲ್ಲಿ ಒಬ್ಬರು ಸ್ಕ್ಯಾನರ್ ನೋಡುತ್ತಿರಬೇಕು, ಇನ್ನೊಬ್ಬರು ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಬೇಕು. ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲೇ ಕಳ್ಳ. ಹಸಿರು ಕಿಲುಬು ಹಿಡಿದ ಪಿನ್ ಸಿಕ್ಕಿದರೆ ಆಶ್ಚರ್ಯವಿಲ್ಲ. ಎಲ್ಲ ಮುಗಿದ ಮೇಲೂ ಸಂಖ್ಯೆಯನ್ನು ಅಳಿಸಿ, ಎರಡು ಮೂರು ದಿನ ಕಾರು ಓಡಿಸಿ ನೋಡಿ. ಕೆಲವು ದೋಷಗಳನ್ನು ಕಂಪ್ಯೂಟರ್ ಎರಡನೆಯ ಸಲ ಕಂಡ ಮೇಲಷ್ಟೇ ದೀಪ ಹಚ್ಚುತ್ತದೆ.

ಸ್ನೇಹಿತರ ಕಾರಿನಲ್ಲಿ ದೀಪ ಮತ್ತೆ ಬಂದಿಲ್ಲ. ಬಿಚ್ಚಿದ ಎರಡು ಸೆನ್ಸರ್‌ಗಳನ್ನು ಅವರು ಕೇಳಿ ಪಡೆದುಕೊಂಡಿದ್ದಾರೆ.