ಖನಿಜ ಶೋಧನೆಯ ಬಯಲಿನಲ್ಲಿ



ಚಿನ್ನದ ಗಣಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಸುರಂಗ, ದೀಪ ಕಟ್ಟಿದ ಟೋಪಿ, ಹೊಳೆಯುವ ಚಿನ್ನದ ಗಟ್ಟಿ ಇವೆಲ್ಲ ಬರಬಹುದು. ಆದರೆ ಗಣಿ ತೋಡುವುದು ಬಹಳ ಕಡೆಯ ಮಾತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಕುರುಚಲು ಕಾಡಿನಲ್ಲೋ ಜೋಳದ ಹೊಲದ ಬದುವಿನಲ್ಲೋ ಕೆಲವರು ಬಟ್ಟೆಯ ಚೀಲ, ಸುತ್ತಿಗೆ, ಅಳತೆಯ ಟೇಪು ಹಿಡಿದು ಓಡಾಡಿರುತ್ತಾರೆ. ಮುಂದೆ ವರದಿ ಅಚ್ಚಾದಾಗ ಅದರಲ್ಲಿ ಭೂವಿಜ್ಞಾನಿಯ ಹೆಸರಿರುತ್ತದೆ. ಗೂಟ ನೆಟ್ಟ, ಮಣ್ಣು ಜರಡಿ ಹಿಡಿದ, ಚೀಲದ ಮೇಲೆ ಸಂಖ್ಯೆ ಬರೆದ ಕ್ಷೇತ್ರ ತಂತ್ರಜ್ಞನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅವನ ಕೆಲಸ, ಈಗೀಗ ಅವಳ ಕೆಲಸವೂ ಹೌದು, ಎಂಥದು ಎಂಬುದನ್ನು ಇಂದು ನೋಡೋಣ.

ನಮ್ಮ ನಾಡಿಗೆ ಈ ಹುಡುಕಾಟ ಹೊಸದಲ್ಲ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲದ ನಂತರ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಲಗಾರರಿದ್ದರು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹಿಂದಿನವರು ಬಹು ಆಳಕ್ಕೆ ತೋಡಿದ ಪ್ರಾಚೀನ ಗುಂಡಿಗಳು ಸಿಕ್ಕಿವೆ. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಶಿಲಾಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷಗಳಿಗೂ ಹೆಚ್ಚಿನ ವಯಸ್ಸು. ಇಂಥ ಶಿಲೆಯಲ್ಲಿ ಚಿನ್ನ ಕಣ್ಣಿಗೆ ಕಾಣುವುದು ಬಲು ಅಪರೂಪ. ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನವಿದ್ದರೂ ಅದು ಒಳ್ಳೆಯ ಅದಿರು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ನೀವು ಎರಡು ಕಿಲೋ ಕಲ್ಲನ್ನು ಚೀಲಕ್ಕೆ ತುಂಬಿದರೆ ಅದರೊಳಗಿನ ಚಿನ್ನ ಎರಡು ಮಿಲಿಗ್ರಾಂ, ಒಂದು ಸಾಸಿವೆ ಕಾಳಿನ ತೂಕ. ನಿಮ್ಮ ಬೆರಳಲ್ಲಿ ಚಿನ್ನದ ಉಂಗುರವಿದ್ದು, ಅದು ಕಲ್ಲಿಗೆ ಉಜ್ಜಿ ಒಂದಿಷ್ಟು ಸವೆದು ಚೀಲಕ್ಕೆ ಬಿತ್ತೆನ್ನಿ, ಬಂಜರು ಕಲ್ಲೂ ಅದಿರಾಗಿ ಕಾಣಿಸುತ್ತದೆ! ಆದ್ದರಿಂದಲೇ ಚಿನ್ನದ ಮಾದರಿ ತೆಗೆಯುವವರು ಉಂಗುರ, ಬಳೆ, ಸರ ಎಲ್ಲವನ್ನೂ ಬಿಚ್ಚಿಟ್ಟು ಕೆಲಸಕ್ಕೆ ಇಳಿಯಬೇಕೆಂಬುದು ಈ ಕಸುಬಿನ ಮೊದಲ ಪಾಠ.

ಮೊದಲು ನೆಲವನ್ನು ಚೌಕಚೌಕವಾಗಿ ಭಾಗ ಮಾಡುತ್ತಾರೆ. ಒಂದು ಮೂಲ ರೇಖೆ, ಅದಕ್ಕೆ ಅಡ್ಡಲಾಗಿ ಸಮಾನ ಅಂತರದ ರೇಖೆಗಳು, ಪ್ರತಿ ರೇಖೆಯ ಮೇಲೆ ಗೂಟಗಳು. ಹಿಂದೆ ದಿಕ್ಸೂಚಿ ಮತ್ತು ಸರಪಳಿಯಿಂದ ಮಾಡುತ್ತಿದ್ದುದನ್ನು ಈಗ ಉಪಗ್ರಹದ ನೆರವಿನ ಜಿಪಿಎಸ್ ಉಪಕರಣದಿಂದ ಮಾಡುತ್ತಾರೆ. ಪ್ರತಿ ಗೂಟದ ಬಳಿ ಸಣ್ಣ ಗುಂಡಿ ತೋಡಿ, ಬೇರು ಮತ್ತು ಎಲೆಗೊಬ್ಬರ ಬೆರೆತ ಮೇಲ್ಮಣ್ಣನ್ನು ಬಿಟ್ಟು ಕೆಳಗಿನ ಪದರದ ಮಣ್ಣು ತೆಗೆಯಬೇಕು. ಇದು ಕೂಲಿಯ ಕೆಲಸದಂತೆ ಕಂಡರೂ ಹಾಗಲ್ಲ. ನಮ್ಮ ರೈತರು ಬೇಸಿಗೆಯಲ್ಲಿ ಕೆರೆಯ ಹೂಳನ್ನು ಗಾಡಿಯಲ್ಲಿ ತಂದು ಹೊಲಕ್ಕೆ ಹರಡುತ್ತಾರಲ್ಲವೇ? ಅದನ್ನು ಅರಿಯದೆ ಮಣ್ಣು ತುಂಬಿದರೆ ಪ್ರಯೋಗಾಲಯದ ಉತ್ತರ ಆ ಹೊಲದ್ದಲ್ಲ, ಎರಡು ಮೈಲಿ ಆಚೆಯ ಕೆರೆಯದು. ಈ ಸಂಗತಿಯನ್ನು ಯಾವ ಯಂತ್ರವೂ ಹೇಳದು. ಹೊಲದ ಯಜಮಾನನನ್ನು ಕೇಳಿಯೇ ತಿಳಿಯಬೇಕು.

ಕೇಳಲು ಹೋದಾಗ ಆತನೂ ಕೇಳುತ್ತಾನೆ: "ನಮ್ಮ ಹೊಲದಾಗ ಬಂಗಾರ ಐತೇನ್ರಿ?" ಇದಕ್ಕೆ ಉತ್ತರ ಕೊಡುವುದು ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ಅತಿ ಕಷ್ಟದ ಕೆಲಸ. ಇದೆ ಎಂದರೆ ಸುಳ್ಳಾಸೆ, ಜೊತೆಗೆ ಭೂಮಿ ಹೋದೀತೆಂಬ ಭಯ. ಇಲ್ಲ ಎಂದರೂ ಸುಳ್ಳೇ. "ಗೊತ್ತಿಲ್ಲರೀ ಯಜಮಾನ್ರೇ, ಗೊತ್ತು ಮಾಡಿಕೊಳ್ಳಾಕ ಬಂದೀವಿ" ಎಂದು ನೇರವಾಗಿ ಹೇಳುವುದೇ ಸರಿ. ಅನುಮತಿಯಿಲ್ಲದೆ ಬೆಳೆ ತುಳಿಯಬಾರದು, ತೋಡಿದ ಗುಂಡಿಯನ್ನು ಅಂದೇ ಮುಚ್ಚಬೇಕು. ತೆರೆದ ಗುಂಡಿಯಲ್ಲಿ ಎತ್ತಿನ ಕಾಲು ಮುರಿದರೆ ಆ ಊರಿನಲ್ಲಿ ಮುಂದಿನ ತಂಡಕ್ಕೂ ಕಾಲಿಡಲು ಆಗದು.

ಕೆಲವು ಸಮೀಕ್ಷೆಗಳಲ್ಲಿ ಕಲ್ಲುಮಣ್ಣನ್ನು ಮುಟ್ಟುವುದೇ ಇಲ್ಲ. ಕಾಂತಮಾಪಕವನ್ನು ಹಿಡಿದು ನಡೆಯುವಾಗ ಅದು ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಅದರ ಸಣ್ಣ ಏರಿಳಿತಗಳು ನೆಲದಡಿಯ ಶಿಲೆಯ ಸುಳಿವು ಕೊಡುತ್ತವೆ. ಉಪಕರಣ ಹಿಡಿದವನ ಸೊಂಟದ ಪಟ್ಟಿಯ ಕೊಂಡಿ, ಜೇಬಿನ ಬೀಗದ ಕೈ, ಮೊಬೈಲು ಇವೂ ಅದಕ್ಕೆ ಶಿಲೆಯಂತೆಯೇ ಕಂಡಾವು. ತಂತಿ ಬೇಲಿ, ಪಂಪ್‌ಸೆಟ್, ವಿದ್ಯುತ್ ಕಂಬ ಎದುರಾದ ಕಡೆ ಟಿಪ್ಪಣಿ ಪುಸ್ತಕದಲ್ಲಿ ಬರೆಯಲೇಬೇಕು. ವಿದ್ಯುತ್ ಹಾಯಿಸಿ ನೋಡುವ ಇನ್ನೊಂದು ವಿಧಾನವುಂಟು. ಒಣನೆಲ ವಿದ್ಯುತ್ತನ್ನು ಸರಿಯಾಗಿ ಒಯ್ಯದ ಕಾರಣ ಲೋಹದ ಸಲಾಕೆಗಳ ಬುಡಕ್ಕೆ ಉಪ್ಪುನೀರು ಸುರಿಯುತ್ತಾರೆ. ವಿದ್ಯುತ್ ಹರಿಯುವಾಗ ಕುರಿಗಾಹಿ ಮಕ್ಕಳು ತಂತಿ ಮುಟ್ಟದಂತೆ ಕಾಯುವವನೂ ತಂತ್ರಜ್ಞನೇ.

ಇಷ್ಟಾದ ಮೇಲೆ ಭರವಸೆ ಮೂಡಿದ ಜಾಗದಲ್ಲಿ ಕೊರೆಯುವ ಯಂತ್ರ ಬರುತ್ತದೆ. ನಮ್ಮ ಹಳ್ಳಿಗಳ ಕೊಳವೆಬಾವಿ ಯಂತ್ರ ಕಲ್ಲನ್ನು ಪುಡಿ ಮಾಡಿ ಊದಿಬಿಡುತ್ತದೆ. ಇಲ್ಲಿ ಹಾಗಲ್ಲ. ವಜ್ರದ ಹರಳು ಕೂಡಿಸಿದ ಟೊಳ್ಳು ಮೂತಿಯೊಂದು ಸುತ್ತುತ್ತಾ ಇಳಿಯುತ್ತದೆ. ನಡುವಿನ ಕಲ್ಲು ಉರುಳೆಯಾಗಿ ಕೊಳವೆಯೊಳಗೆ ಉಳಿಯುತ್ತದೆ. ಇದಕ್ಕೆ ಕೋರ್ ಎನ್ನುತ್ತಾರೆ. ಸಾಮಾನ್ಯವಾಗಿ ಬಳಸುವ ಒಂದು ಅಳತೆಯಲ್ಲಿ ಅದರ ದಪ್ಪ ಸುಮಾರು 48 ಮಿಲಿಮೀಟರ್. ಮೇಲೆ ಬಂದ ಕೋರನ್ನು ಉದ್ದನೆಯ ಪೆಟ್ಟಿಗೆಯ ಅಂಕಣಗಳಲ್ಲಿ ಪುಸ್ತಕ ಓದುವ ಕ್ರಮದಲ್ಲೇ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಜೋಡಿಸಿ, ಆಳವನ್ನು ಬರೆದ ಮರದ ತುಂಡನ್ನು ನಡುನಡುವೆ ಇಡಬೇಕು. ಪೆಟ್ಟಿಗೆ ಒಮ್ಮೆ ಮಗುಚಿಬಿದ್ದರೆ ಪುಸ್ತಕದ ಹಾಳೆಗಳು ಪುಟಸಂಖ್ಯೆಯಿಲ್ಲದೆ ಚೆಲ್ಲಾಡಿದಂತೆ.

ಮೂರು ಮೀಟರ್ ಕೊರೆದಾಗ ಎರಡು ಮೀಟರ್ ನಲವತ್ತು ಸೆಂಟಿಮೀಟರ್ ಕೋರ್ ಮಾತ್ರ ಬಂತೆನ್ನಿ. ಅಂದರೆ ಶೇಕಡಾ 80. ಉಳಿದ ಅರವತ್ತು ಸೆಂಟಿಮೀಟರ್ ನೀರಿನೊಡನೆ ಕೊಚ್ಚಿಹೋಗಿದೆ. ರಾತ್ರಿ ಪಾಳಿಯ ಕೊನೆಯಲ್ಲಿ, ನಿದ್ದೆಗಣ್ಣಿನಲ್ಲಿ, ತುಂಡುಗಳನ್ನು ಸ್ವಲ್ಪ ಸಡಿಲವಾಗಿ ಹರಡಿ ಪೂರ್ತಿ ಬಂದಿದೆ ಎಂದು ಬರೆಯುವುದು ಸುಲಭ. ಆದರೆ ಗಟ್ಟಿ ಬಂಡೆ ಸಾಮಾನ್ಯವಾಗಿ ಹೀಗೆ ಕಳೆದುಹೋಗುವುದಿಲ್ಲ. ಕಳೆಯುವುದು ಬಿರುಕು ಬಿಟ್ಟ, ನುಜ್ಜಾದ ಭಾಗ. ಚಿನ್ನ ಬಂದು ಸೇರುವುದೂ ಅನೇಕ ವೇಳೆ ಅಂಥ ಬಿರುಕುಗಳಲ್ಲೇ! ಹೀಗಾಗಿ ಇಲ್ಲದ ಕಲ್ಲನ್ನು ಇಲ್ಲವೆಂದು ಬರೆಯುವುದು ಇರುವ ಕಲ್ಲನ್ನು ಬರೆಯುವುದಕ್ಕಿಂತ ಮುಖ್ಯವಾಗುತ್ತದೆ.

ಆಮೇಲೆ ಕೋರನ್ನು ಉದ್ದುದ್ದ ಸೀಳಿ ಅರ್ಧವನ್ನು ಪ್ರಯೋಗಾಲಯಕ್ಕೆ ಕಳಿಸಿ, ಇನ್ನರ್ಧವನ್ನು ಪೆಟ್ಟಿಗೆಯಲ್ಲೇ ಜೋಪಾನವಾಗಿ ಇಡುತ್ತಾರೆ. ಯಾರಿಗಾದರೂ ಸಂಶಯ ಬಂದರೆ ಮತ್ತೆ ಪರೀಕ್ಷಿಸಬಹುದು. ಕಳಿಸುವ ಚೀಲಗಳ ನಡುವೆ ಚಿನ್ನವೇ ಇಲ್ಲದ ಕಲ್ಲಿನ ಚೀಲ, ಚಿನ್ನದ ಪ್ರಮಾಣ ಮೊದಲೇ ಗೊತ್ತಿರುವ ಪುಡಿ, ಒಂದೇ ಮಾದರಿಯ ಎರಡು ಪಾಲು ಇವನ್ನು ಬೇರೆ ಬೇರೆ ಸಂಖ್ಯೆ ಕೊಟ್ಟು ಸೇರಿಸುತ್ತಾರೆ. ಇದು ಪ್ರಯೋಗಾಲಯಕ್ಕೇ ಒಡ್ಡುವ ಪರೀಕ್ಷೆ.

ಈ ಅರ್ಧ ಕೋರ್ ಇಡುವ ಪದ್ಧತಿಯನ್ನು ಕೈಬಿಟ್ಟರೆ ಏನಾದೀತು ಎಂಬುದಕ್ಕೆ ಜಗತ್ತಿಗೆಲ್ಲ ತಿಳಿದ ಉದಾಹರಣೆ ಇಂಡೊನೇಷ್ಯಾದ್ದು. ಬೋರ್ನಿಯೊ ದ್ವೀಪದ ದಟ್ಟ ಕಾಡಿನ ಬುಸಾಂಗ್ ಎಂಬಲ್ಲಿ ಕೆನಡಾದ ಬ್ರೀ-ಎಕ್ಸ್ ಎಂಬ ಕಂಪನಿ ಅಪಾರ ಚಿನ್ನ ಸಿಕ್ಕಿತೆಂದು ಸಾರಿತು. 1997ರ ಆರಂಭಕ್ಕೆ ಅದರ ಅಂದಾಜು ಸುಮಾರು ಏಳು ಕೋಟಿ ಔನ್ಸ್, ಅಂದರೆ 2,200 ಟನ್ನಿನಷ್ಟು. ಸಾವಿರಾರು ಸಾಮಾನ್ಯ ಜನ ಉಳಿತಾಯದ ಹಣ ಹಾಕಿ ಷೇರು ಕೊಂಡರು. ಅಲ್ಲಿ ಬಹುತೇಕ ಇಡೀ ಕೋರನ್ನೇ ಪುಡಿ ಮಾಡಲು ಕಳಿಸುತ್ತಿದ್ದರು, ಅರ್ಧ ಉಳಿಸಿರಲಿಲ್ಲ. ಬೇರೊಂದು ಕಂಪನಿ ಪಕ್ಕದಲ್ಲೇ ಕೊರೆದು ನೋಡಿದಾಗ ಲೆಕ್ಕಕ್ಕೆ ಬರುವಷ್ಟು ಚಿನ್ನ ಸಿಗಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಸ್ವತಂತ್ರ ತಜ್ಞರ ವರದಿ ಬಂತು: ಮಾದರಿಗಳಿಗೆ ಹೊರಗಿನಿಂದ ಚಿನ್ನ ಬೆರೆಸಲಾಗಿತ್ತು. ಕಣಗಳು ಹೊಳೆಯಲ್ಲಿ ಉರುಳಿ ಸವೆದಂತೆ ದುಂಡಗಿದ್ದುದೇ ಒಂದು ಸುಳಿವಾಯಿತು. ಷೇರುಗಳ ಬೆಲೆ ಸೊನ್ನೆಗಿಳಿಯಿತು. ಇದಾದ ಮೇಲೆ ಕೆನಡಾ 2001ರಲ್ಲಿ ಖನಿಜ ವರದಿಗಳಿಗೆ ಬಿಗಿಯಾದ ನಿಯಮ ತಂದಿತು.

ಮೋಸವಿಲ್ಲದಿದ್ದರೂ ಅವಸರದಿಂದ ಅಂಕಿಗಳು ಉಬ್ಬಬಲ್ಲವು. ಮಂಡ್ಯ ಜಿಲ್ಲೆಯ ಮರ್ಲಗಾಲ–ಅಲ್ಲಾಪಟ್ಟಣ ಪ್ರದೇಶದ ಲಿಥಿಯಂ ವಿಷಯವನ್ನು ನೀವು ಓದಿರಬಹುದು. 2020ರಲ್ಲಿ ಪತ್ರಿಕೆಗಳು 14,100 ಟನ್ ಎಂದು ಬರೆದವು. ಅಣುಖನಿಜ ನಿರ್ದೇಶನಾಲಯದ ಸಮೀಕ್ಷೆಯನ್ನು ಆಧರಿಸಿ 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂಕಿ 1,600 ಟನ್, ಅದೂ ಊಹಿತ ವರ್ಗದಲ್ಲಿ. ಊಹಿತ ಎಂದರೆ ಕೆಲವೇ ಮಾದರಿಗಳಿಂದ ಮಾಡಿದ ಅಂದಾಜು. ಇನ್ನಷ್ಟು ಕೊರೆದರೆ ಏರಲೂಬಹುದು, ಇಳಿಯಲೂಬಹುದು. ಪತ್ರಿಕೆಯ ತಲೆಬರಹದಲ್ಲಿ ಈ ಒಂದು ಪದ ಬಿಟ್ಟುಹೋಗುವುದೇ ಹೆಚ್ಚು.

ಈ ಕೆಲಸಕ್ಕೆ ಸೇರುವುದು ಹೇಗೆ? ಭೂವಿಜ್ಞಾನದ ಬಿ.ಎಸ್‌ಸಿ., ಗಣಿಗಾರಿಕೆಯ ಡಿಪ್ಲೊಮಾ, ಯಂತ್ರಗಳ ಕಡೆ ಒಲವಿದ್ದರೆ ಐ.ಟಿ.ಐ., ಹೀಗೆ ಹಲವು ದಾರಿಗಳಿವೆ. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ, ನಾಗಪುರದ ಎಂ.ಇ.ಸಿ.ಎಲ್., ಹೈದರಾಬಾದಿನ ಅಣುಖನಿಜ ನಿರ್ದೇಶನಾಲಯ, ರಾಜ್ಯದ ಗಣಿ ಇಲಾಖೆ ಮತ್ತು ಖಾಸಗಿ ಸಂಸ್ಥೆಗಳು ಈ ಕ್ಷೇತ್ರದಲ್ಲಿವೆ. ಆದರೆ ಅರಿತೇ ಬನ್ನಿ. ತಿಂಗಳುಗಟ್ಟಲೆ ಡೇರೆಯ ವಾಸ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಕಲ್ಲು ಕತ್ತರಿಸುವಾಗಿನ ದೂಳು, ಹಬ್ಬಕ್ಕೆ ಮನೆಗೆ ಹೋಗಲಾಗದ ವರ್ಷಗಳು. ಗುತ್ತಿಗೆಯ ಕೆಲಸವಾದರೆ ನಾಳಿನ ಚಿಂತೆಯೂ ಉಂಟು. ಮುಖವಾಡ, ಕೈಗವಸು, ಗಟ್ಟಿ ಬೂಟು ಕೊಡದ ಕಡೆ ಕೇಳಿ ಪಡೆಯಲು ಸಂಕೋಚ ಪಡಬೇಡಿ.

ಒಗ್ಗುತ್ತದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಬರುವ ರಜೆಯಲ್ಲಿ ನಿಮ್ಮ ಊರ ಹಳ್ಳದ ಉದ್ದಕ್ಕೆ ನಡೆದು ಹತ್ತು ಕಡೆ ಒಂದೊಂದು ಹಿಡಿ ಮರಳು ತೆಗೆಯಿರಿ. ಪ್ರತಿಯೊಂದಕ್ಕೂ ಸಂಖ್ಯೆ ಕೊಡಿ, ಸ್ಥಳ ಮತ್ತು ದಿನಾಂಕವನ್ನು ಪುಸ್ತಕದಲ್ಲಿ ಬರೆಯಿರಿ. ಒಣಗಿಸಿ, ತೂಗಿ, ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಆಡಿಸಿದರೆ ಕಪ್ಪು ಕಣಗಳು ಅಂಟುತ್ತವೆ. ಯಾವ ಸ್ಥಳದ ಮರಳಿನಲ್ಲಿ ಅವು ಎಷ್ಟು ತೂಗಿದವು ಎಂದು ಗುರುತು ಹಾಕಿ. ಒಂದು ತಿಂಗಳು ಬಿಟ್ಟು ಆ ಪುಸ್ತಕವನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು, ನಿಮ್ಮ ನೆರವಿಲ್ಲದೆ ಆರನೆಯ ಮಾದರಿಯ ಜಾಗವನ್ನು ಹುಡುಕಿ ತೋರಿಸಲು ಹೇಳಿ.