ಶಾಲೆಯಲ್ಲಿ ನಾಟಕವೇಕೆ?



ಪರೀಕ್ಷೆ ಸಮೀಪಿಸಿರುವಾಗ ನಾಟಕದ ಅಭ್ಯಾಸವೇಕೆಂದು ನಿಮ್ಮಲ್ಲಿ ಕೆಲವರು ನಮ್ಮನ್ನು ಕೇಳಿದಿರಿ. ಕೇಳತಕ್ಕ ಪ್ರಶ್ನೆಯೇ ಸರಿ. ಈ ಕುಂದಾದ ಮಳೆಚಳಿಯಲ್ಲಿ ಚಹಾ ತೋಟದಲ್ಲಿ ದುಡಿದು ಮಕ್ಕಳನ್ನು ಓದಿಸುವವರಿಗೆ ಅಂಕಗಳ ಚಿಂತೆ ಸಹಜವಾದುದು.

ರವೀಂದ್ರನಾಥ ಠಾಕೂರರು ಒಂದು ಗಿಳಿಯ ಕಥೆಯನ್ನು ಬರೆದಿದ್ದಾರೆ. ಹಾಡಿಕೊಂಡು ಕುಣಿದಾಡುತ್ತಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಹೊತ್ತಗೆಯ ಹಾಳೆಗಳನ್ನೇ ಅದರ ಬಾಯಿಗೆ ತುರುಕುತ್ತಾರೆ, ಗಿಳಿ ಸಾಯುತ್ತದೆ. ಈ ಕಥೆಯನ್ನು ಬಿ. ವಿ. ಕಾರಂತರು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕವನ್ನಾಗಿ ಮಾಡಿದರು. ಬಾಲ್ಯದಲ್ಲಿಯೇ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದವರು ಅವರು. (ಹುಡುಗರೇ, ಮನೆ ಬಿಡುವುದೊಂದನ್ನು ಅನುಕರಿಸಬೇಡಿರಿ!) 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಮೊದಲ ನಿರ್ದೇಶಕರೂ ಅವರೇ.

ಈ ವರ್ಷ ನಮ್ಮ ಮಕ್ಕಳು ಆಡಿದುದು ಆ ನಾಟಕವನ್ನೇ. ಮನೆಯಲ್ಲಿ ಬಡಗ, ಬೀದಿಯಲ್ಲಿ ತಮಿಳು ಆಡುವ ಬಾಲಕನೊಬ್ಬನು ತರಗತಿಯಲ್ಲಿ ಕನ್ನಡ ಪಾಠವನ್ನೋದಲು ತಡವರಿಸುತ್ತಿದ್ದನು. ಅವನು ಪಂಡಿತನ ವೇಷದಲ್ಲಿ ಉದ್ದುದ್ದ ಮಾತುಗಳನ್ನು ಒಮ್ಮೆಯೂ ತೊದಲದೆ ನುಡಿದನು. ಗಣಿತದಲ್ಲಿ ಅವನ ಅಂಕ ಹೆಚ್ಚಿತೆಂದು ನಾವು ಹೇಳಲಾರೆವು, ಹೆಚ್ಚಿಲ್ಲ. ಆದರೆ ಮರುದಿನ, ಯಾರೂ ಕರೆಯದೆಯೇ, ಪಾಠವನ್ನೋದಲು ತಾನಾಗಿಯೇ ಎದ್ದು ನಿಂತನು.

ಮುಂದಿನ ವರ್ಷವೂ ವಾರಕ್ಕೆರಡು ಅವಧಿಗಳನ್ನು ನಾಟಕಕ್ಕೆ ಬಿಟ್ಟುಕೊಡಲು ನಿಮ್ಮ ಅನುಮತಿಯನ್ನು ಬೇಡುತ್ತೇವೆ.